ಮೂರನೇ ಸಿಲಿಂಡರ್ ಮಿಸ್ಸಿಂಗ್, ಸುಮ್ಮನೆ ಮಾರಿದ ಕಾಯಿಲ್

ತುಮಕೂರು ಕಡೆಯ ಒಬ್ಬ ಮೇಷ್ಟ್ರ ಗಾಡಿ ನಮ್ಮ ಸರ್ವಿಸ್ ಸೆಂಟರಿಗೆ ಬಂತು. 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, 16 ವಾಲ್ವ್, ಜೊತೆಗೆ ಸಿಎನ್‌ಜಿ ಕಿಟ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೆಣ್ಣೆಯಂತೆ ಓಡುತ್ತೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಗಡಗಡ, ಆಕ್ಸಿಲರೇಟರ್ ಕೊಟ್ಟರೆ ಮತ್ತೆ ಸರಿ. ಅವರು ಮನೆಯಲ್ಲೇ ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿ, ನೋಟ್‌ಬುಕ್ ಹಾಳೆಯಲ್ಲಿ ನೀಟಾಗಿ ಬರೆದು ತಂದಿದ್ದರು: ‘ಪಿ0303. ಕಾಯಿಲ್ 3–2 ಅದಲುಬದಲು, ಕೋಡ್ 3ರಲ್ಲೇ. ಪ್ಲಗ್ 3–1 ಅದಲುಬದಲು, 3ರಲ್ಲೇ. ಗ್ಯಾಸ್, ಪೆಟ್ರೋಲ್ ಎರಡರಲ್ಲೂ ಇದೆ.’ ಪಿ0303 ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್, ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ.

ಆ ಹಾಳೆಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಮೂರನೇ ಸಿಲಿಂಡರಿಗೆ ಹೊಸ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಹಾಕಿದೆ. ‘ಮನೆಯಲ್ಲಿ ಬಿಚ್ಚಿದ್ದಾರೆ, ಕನೆಕ್ಟರ್ ಸರಿಯಾಗಿ ಕೂತಿರಲ್ಲ’ ಅಂತ ನನ್ನ ಲೆಕ್ಕ. ಅಡ್ವೈಸರ್ ರಿಸೆಪ್ಷನ್‌ನಲ್ಲೇ ಕೋಡ್ ಅಳಿಸಿ ಕಳಿಸಿದ್ದ, ಅದರ ಜೊತೆ ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನೋ ದಾಖಲೆ) ಕೂಡ ಹೋಯಿತು. ಐದು ನಿಮಿಷ ಟ್ರಯಲ್, ಜಾಬ್ ಕಾರ್ಡ್‌ಗೆ ಟಿಕ್. ಮರುದಿನ ಹನ್ನೊಂದಕ್ಕೆ ರಿಪೀಟ್ ಜಾಬ್.

ಆ ಹಾಳೆಯಲ್ಲೇ ಅರ್ಧ ಉತ್ತರ ಇತ್ತು. ಕಾಯಿಲ್ ಕೆಟ್ಟಿದ್ದರೆ ಅದನ್ನು ಎರಡಕ್ಕೆ ಹಾಕಿದಾಗ ಕೋಡ್ ಪಿ0302 ಆಗಬೇಕಿತ್ತು. ಪ್ಲಗ್‌ಗೂ ಅದೇ ಲೆಕ್ಕ. ಗ್ಯಾಸಿಗೂ ಪೆಟ್ರೋಲಿಗೂ ಇಂಜೆಕ್ಟರ್ ಬೇರೆ ಬೇರೆ. ಎರಡರಲ್ಲೂ ಒಂದೇ ಸಿಲಿಂಡರ್ ಮಿಸ್ ಹೊಡೆದರೆ ಎರಡು ಇಂಜೆಕ್ಟರೂ ಒಟ್ಟಿಗೆ ಕೆಟ್ಟಿರೋದು ಅಪರೂಪ. ಉಳಿಯೋದು ಕಾಯಿಲ್‌ಗೆ ಬರುವ ವೈರಿಂಗ್, ಆ ಸಿಲಿಂಡರಿನ ಮ್ಯಾನಿಫೋಲ್ಡ್ ಬಾಯಲ್ಲಿ ಗಾಳಿ ಲೀಕ್, ಇಲ್ಲವೇ ಎಂಜಿನ್ ಒಳಗಿನ ಯಾವುದೋ ದೋಷ. ವೈರಿಂಗ್ ಅಲ್ಲಾಡಿಸಿ ನೋಡಿದೆ, ಮ್ಯಾನಿಫೋಲ್ಡ್ ಸುತ್ತ ಕಾರ್ಬ್ ಕ್ಲೀನರ್ ಹೊಡೆದೆ (ಇದನ್ನು ಎಂಜಿನ್ ತಣ್ಣಗಿದ್ದಾಗಲೇ ಮಾಡಿ, ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿ). ಐಡಲಿಂಗ್ ಬದಲಾಗಲಿಲ್ಲ.

ಆಮೇಲೆ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಕಟ್ಟುವ ಒತ್ತಡ, ಹಿಡಿದೆ. ನಿಜವಾಗಿ ಎಡವಿದ್ದು ಇಲ್ಲಿ. ಗಾಡಿ ರಾತ್ರಿಯೆಲ್ಲ ಸರ್ವಿಸ್ ಬೇಯಲ್ಲೇ ನಿಂತಿತ್ತು. ತಣ್ಣನೆ ಎಂಜಿನ್‌ಗೇ ಗೇಜ್ ಹಾಕಿದೆ: 175, 180, 165, 178 ಪಿಎಸ್‌ಐ. ಮೂರನೆಯದು ಕಮ್ಮಿ, ಆದರೆ ಅತಿ ಹೆಚ್ಚಿನದಕ್ಕಿಂತ ಹತ್ತು ಪರ್ಸೆಂಟ್ ಒಳಗೇ ಇದೆ. ‘ಎಂಜಿನ್ ಓಕೆ’ ಅಂತ ಬರೆದು, ಇಂಜೆಕ್ಟರ್ ಕ್ಲೀನಿಂಗ್‌ಗೆ ಎಸ್ಟಿಮೇಟ್ ಹಾಕಿಸಿದೆ. ಮೇಷ್ಟ್ರು ಕೇಳಿದ್ದು ಒಂದೇ ಮಾತು: ‘ಬಿಸಿಯಾದಾಗ ಬರೋ ಕಾಯಿಲೆಗೆ ತಣ್ಣಗಿದ್ದಾಗ ನಾಡಿ ಹಿಡಿದ್ರೆ ಆಗುತ್ತಾ?’ ಸೀನಿಯರ್ ಟೆಕ್ನಿಷಿಯನ್ ಅಂತ ಎದೆ ಮೇಲೆ ಬ್ಯಾಡ್ಜ್ ಬೇರೆ ಇತ್ತು.

ಬಿಸಿ ಕಂಪ್ರೆಷನ್ ತೆಗೆಯೋ ಕ್ರಮ ಇದು. ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಅಲ್ಯೂಮಿನಿಯಂ ಹೆಡ್ ಕಾದಿರುವಾಗ ಪ್ಲಗ್‌ಗೆ ಜೋರು ಹಾಕಿದರೆ ಥ್ರೆಡ್ ಕಿತ್ತು ಬರುತ್ತೆ. ತುಂಬ ಹೊತ್ತು ಬಿಟ್ಟರೆ ಪರೀಕ್ಷೆಯೇ ವ್ಯರ್ಥ. ಪ್ಲಗ್ ಬಿಚ್ಚುವ ಮೊದಲು ಗುಂಡಿಯ ಧೂಳನ್ನು ಏರ್ ಹಾಕಿ ಊದಿ. ನಾಲ್ಕೂ ಕಾಯಿಲ್ ಕನೆಕ್ಟರ್, ಫ್ಯುಯಲ್ ಪಂಪ್ ರಿಲೇ ತೆಗೆಯಿರಿ, ಸಿಎನ್‌ಜಿ ಸಿಲಿಂಡರ್ ವಾಲ್ವ್ ಮುಚ್ಚಿ. ನಾಲ್ಕೂ ಪ್ಲಗ್ ಹೊರಗಿರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಸ್ಟಾರ್ಟರ್ ತಿರುಗಿಸುವಾಗ ಪ್ರತಿ ಸಿಲಿಂಡರಿಗೂ ಎಣಿಸಿ ಆರೇ ಹೊಡೆತ (ಗೇಜ್ ಮುಳ್ಳಿನ ಜಿಗಿತ). ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎಂಟು ಕೊಟ್ಟರೆ ಹೋಲಿಕೆಗೆ ಅರ್ಥವಿಲ್ಲ.

ಮೊದಲೆರಡು 182, 185. ಮೂರಕ್ಕೆ ಗೇಜ್ ಹಾಕಿದಾಗ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಅಡ್ವೈಸರ್ ಅವರ ಹಿಂದೆ. ಹುಡುಗ ಸ್ಟಾರ್ಟರ್ ಒತ್ತಿದ. ಮುಳ್ಳು 50, 80, 100 ಅಂತ ಕುಂಟುತ್ತ ಹೋಗಿ 118ಕ್ಕೆ ನಿಂತಿತು. ‘ಅಣ್ಣ, ಇನ್ನೊಂದ್ಸಲ ಹೊಡೀಲಾ?’ ಅಂದ. ಹೊಡೆದ. 118. ನಾಲ್ಕನೆಯದು 180.

ಪ್ಲಗ್ ಗುಂಡಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹಿಡಿದರೆ 122. ರಿಂಗ್ ಸವೆದಿದ್ದರೆ ಆಯಿಲ್ ಸೀಲ್ ಮಾಡಿ ರೀಡಿಂಗ್ ಚೆನ್ನಾಗಿ ಮೇಲೇರಬೇಕು. ಏರಲಿಲ್ಲ ಅಂದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಮೂರನೇ ಪಿಸ್ಟನ್ ಟಾಪ್‌ಗೆ ತಂದು, ಎರಡೂ ಕಡೆ ವಾಲ್ವ್ ಮುಚ್ಚಿರೋ ಸ್ಟ್ರೋಕ್ ಖಚಿತ ಮಾಡಿಕೊಂಡು, ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ಜಾಗದಿಂದ ಏರ್ ಕೊಟ್ಟೆವು. ಥ್ರಾಟಲ್ ಬಾಡಿಯಲ್ಲಿ ಸದ್ದು ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಕ್ಯಾಪ್‌ನಲ್ಲಿ ಬಂದರೆ ರಿಂಗ್, ರೇಡಿಯೇಟರಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟೆ. ಉಸ್ ಅಂತಿತ್ತು, ಅಂದರೆ ಎಕ್ಸಾಸ್ಟ್ ವಾಲ್ವ್.

ಸಿಎನ್‌ಜಿ ಒಣ ಗ್ಯಾಸ್. ಪೆಟ್ರೋಲ್ ಹನಿಗಳು ಕೊಡುವ ತಂಪು ಅದರಲ್ಲಿಲ್ಲ. ವರ್ಷಗಟ್ಟಲೆ ಓಡಿದರೆ ಎಕ್ಸಾಸ್ಟ್ ವಾಲ್ವ್ ಸೀಟು ಸವೆದು ವಾಲ್ವ್ ಮೇಲಕ್ಕೆ ಸರಿಯುತ್ತೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಕ್ಯಾಮ್‌ಗೂ ವಾಲ್ವ್ ಮೇಲಿನ ಟ್ಯಾಪೆಟ್‌ಗೂ ನಡುವಿನ ಸಂದು) ನುಂಗಿಹೋಗುತ್ತೆ. ವಾಲ್ವ್ ಕಾದು ಉದ್ದವಾದಾಗ ಉಳಿದ ಗ್ಯಾಪೂ ಹೋಗಿ ಪೂರ್ತಿ ಮುಚ್ಚಲ್ಲ. ಐಡಲಿಂಗ್‌ನಲ್ಲಿ ಕಂಪ್ರೆಷನ್ ಸೋರಲು ಸಮಯ ಇರುತ್ತೆ, ರೇಸ್ ಕೊಟ್ಟಾಗ ಇರಲ್ಲ. ಅದಕ್ಕೇ ಸಿಗ್ನಲ್‌ನಲ್ಲಿ ನಡುಕ, ಹೈವೇಯಲ್ಲಿ ಸುಮ್ಮನೆ. ಇನ್ನೊಂದು ಮೋಸ: ಗ್ಯಾಪ್ ಜಾಸ್ತಿಯಾದ ಟ್ಯಾಪೆಟ್ ಟಕಟಕ ಅಂತ ಬಾಯಿಬಿಟ್ಟು ಹೇಳುತ್ತೆ. ಟೈಟ್ ಆದದ್ದು ಉಸಿರೇ ಎತ್ತಲ್ಲ.

ಕಂಪ್ರೆಷನ್ ಬಿಸಿಯಲ್ಲಿ ನೋಡಬೇಕು, ಟ್ಯಾಪೆಟ್ ಗ್ಯಾಪ್ ತಣ್ಣಗಿದ್ದಾಗ. ಆ ರಾತ್ರಿಯೂ ಗಾಡಿ ನಿಂತಿತು. ಬೆಳಿಗ್ಗೆ ವಾಲ್ವ್ ಕವರ್ ತೆಗೆದು, ಕ್ಯಾಮ್ ಮೂಗು ಮೇಲಕ್ಕಿರುವಂತೆ ತಿರುಗಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿದೆ. ಈ ಎಂಜಿನ್‌ಗೆ ಎಕ್ಸಾಸ್ಟ್ ಗ್ಯಾಪ್ ಸುಮಾರು 0.30 ಮಿಮೀ ಇರಬೇಕು (ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ). ಬೇರೆ ಸಿಲಿಂಡರ್‌ಗಳಲ್ಲಿ 0.22, 0.24. ಮೂರರಲ್ಲಿ ಒಂದು ವಾಲ್ವ್ 0.20, ಇನ್ನೊಂದಕ್ಕೆ 0.05ರ ಎಲೆಯೂ ಹೋಗಲಿಲ್ಲ.

ಇಲ್ಲಿವರೆಗೆ ಮನೆಯಲ್ಲೇ ಮಾಡಬಹುದು. ಬಕೆಟ್ (ವಾಲ್ವ್ ಮೇಲೆ ಕೂರುವ ಬಟ್ಟಲಿನಂಥ ಟ್ಯಾಪೆಟ್) ಬದಲಿಸಲು ಕ್ಯಾಮ್ ಬಿಚ್ಚಬೇಕು, ಚೈನ್ ಒಂದು ಹಲ್ಲು ತಪ್ಪಿದರೂ ಬೇರೆಯೇ ಕಥೆ, ಅದನ್ನು ಗ್ಯಾರೇಜಿಗೆ ಬಿಡಿ. ಹಳೆ ಬಕೆಟ್ ದಪ್ಪಕ್ಕೆ ಈಗಿನ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೆದರೆ ಹೊಸ ಬಕೆಟ್ ದಪ್ಪ ಸಿಗುತ್ತೆ. ಎಲೆಯೇ ಹೋಗದ ವಾಲ್ವ್‌ಗೆ ಕೂಡಿಸಲು ಸಂಖ್ಯೆಯೇ ಇಲ್ಲ. ತೆಳು ಬಕೆಟ್ ಒಂದನ್ನು ಹಾಕಿ, ಅಳೆದು, ಆಮೇಲೆ ಲೆಕ್ಕ. ನಾನು ಎರಡು ಸಲ ಕ್ಯಾಮ್ ಕೂರಿಸಿ ತೆಗೆದೆ. ವಾಲ್ವ್ ಇನ್ನೂ ಸುಟ್ಟಿರಲಿಲ್ಲ, ಹೆಡ್ ಇಳಿಸುವುದು ತಪ್ಪಿತು. ಬಿಸಿ ಕಂಪ್ರೆಷನ್ 172ಕ್ಕೆ ಬಂತು.

ಕಾಯಿಲ್ ದುಡ್ಡು ವಾಪಸ್ ಕೊಡಿಸಲು ಹೋದೆ. ಬಿಲ್ಲಿಂಗ್‌ನವರು ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ ಅಂದರು, ಮ್ಯಾನೇಜರ್ ‘ಕಸ್ಟಮರ್‌ಗೆ ಸ್ಪೇರ್ ಅಂತ ಕೊಡಿ’ ಅಂದರು. ಮೇಷ್ಟ್ರು ಅದನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡರು. ಸರ್ವಿಸಿಗೆ ಬಂದಾಗಲೆಲ್ಲ ಅದು ಜ್ಯಾಕ್ ಪಕ್ಕದಲ್ಲೇ ಇರುತ್ತೆ.