ಹೆಡ್‌ಬೋರ್ಡ್ ಅಳತೆ ಹಾಸಿಗೆಯ ಮೇಲಿಂದ ಶುರುವಾಗಲಿ

ಹೆಡ್‌ಬೋರ್ಡ್ ಅಂದರೆ ಮಂಚದ ತಲೆಕಡೆ ನಿಲ್ಲಿಸುವ ಹಲಗೆ. ದಿಂಬು ಹಿಂದಕ್ಕೆ ಜಾರದಂತೆ ತಡೆಯುತ್ತದೆ, ಗೋಡೆಗೆ ಎಣ್ಣೆತಲೆ ತಾಗದಂತೆ ಕಾಯುತ್ತದೆ. ಆದರೆ ಅದರ ದೊಡ್ಡ ಕೆಲಸ ಒರಗಿ ಕೂತವರ ಬೆನ್ನು ಹೊರುವುದು. ಬಡಗಿ ಲೆಕ್ಕ ಹಾಕಬೇಕಾದದ್ದು ಆ ಭಾರವನ್ನು.

ಎತ್ತರವನ್ನು ಬರೀ ನೆಲದಿಂದ ಹೇಳಿದರೆ ಸಾಲದು. ಹಾಸಿಗೆ ಎಷ್ಟು ದಪ್ಪ ಎಂದು ಮೊದಲು ಕೇಳಿಕೊಳ್ಳಿ. ಬಾಕ್ಸ್ ಮಂಚ 12 ಇಂಚು, ಹಾಸಿಗೆ 8 ಇಂಚು ಇದ್ದರೆ ಅಲ್ಲಿಗೇ 20 ಇಂಚು ಮುಗಿಯಿತು. 36 ಇಂಚಿನ ಹಲಗೆಯಲ್ಲಿ ಉಳಿಯುವುದು 16 ಇಂಚು. ಅದರ ಮೇಲಂಚು ನೇರ ಬೆನ್ನಿಗೇ ಒತ್ತುತ್ತದೆ. ಹಾಸಿಗೆಯ ಮೇಲೆ 24 ಇಂಚಾದರೂ ಬೇಕು, ಅಂದರೆ ನೆಲದಿಂದ 44. ಆ ಎತ್ತರಕ್ಕೆ ಗೋಡೆಯ ಸ್ವಿಚ್‌ಬೋರ್ಡ್ ಮುಚ್ಚಿಹೋಗುತ್ತದೆಯೇ ಎಂದು ಪ್ಲೈ ಕೊಯ್ಯುವ ಮೊದಲೇ ನೋಡಿ.

ಮೆತ್ತನೆ ಹೆಡ್‌ಬೋರ್ಡ್ ಆದರೆ ಇನ್ನೊಂದು ಅಳತೆ ತಪ್ಪುತ್ತದೆ. 2 ಇಂಚಿನ ಫೋಮ್ ಮುಂದಕ್ಕೆ ಚಾಚಿ ಹಾಸಿಗೆಯನ್ನು ಕಾಲುಕಡೆಗೆ ತಳ್ಳುತ್ತದೆ. 78 ಇಂಚಿನ ಹಾಸಿಗೆಗೆ 78 ಇಂಚಿನದೇ ಬಾಕ್ಸ್ ಮಾಡಿದರೆ ಹಾಸಿಗೆ ಆಚೆ ಇಣುಕುತ್ತದೆ. ಫೋಮಿನ ದಪ್ಪ ಸೇರಿಸಿ 80 ಇಡಿ. ಬಟ್ಟೆ ಹೊದಿಸುವುದಾದರೆ ಗಾಢ ಬಣ್ಣದ್ದು, ಬಿಚ್ಚಿ ಒಗೆಯುವಂಥದ್ದು ಒಳ್ಳೆಯದು. ನಮ್ಮ ಮನೆಗಳ ಕೊಬ್ಬರಿ ಎಣ್ಣೆಯ ಕಲೆ ತಿಳಿ ಬಟ್ಟೆಯಿಂದ ಪೂರ್ತಿ ಹೋಗುವುದು ಕಷ್ಟ.

ಕಿರುಗುಟ್ಟುವ ಮಂಚಗಳಲ್ಲಿ ನಾವು ಮೊದಲು ನೋಡುವುದು ಹೆಡ್‌ಬೋರ್ಡಿನ ಜೋಡಣೆಯನ್ನೇ. ಬೆನ್ನು ಒತ್ತುವುದು ಮೇಲೆ, ಹಿಡಿತ ಇರುವುದು ಕೆಳಗೆ. ಹಾಗಾಗಿ ಪ್ರತಿ ಸಲ ಒರಗಿದಾಗಲೂ ಸನ್ನೆಗೋಲು ಹಾಕಿ ಮೀಟಿದಂತೆ ಜೋಡಣೆಯ ಮೇಲೆ ಎಳೆತ ಬೀಳುತ್ತದೆ. ಪ್ಲೈನ ಅಂಚಿಗೆ ಹೊಡೆದ ಸ್ಕ್ರೂ ಇದನ್ನು ಬಹಳ ದಿನ ತಡೆಯದು, ಪದರ ಬಿಟ್ಟುಕೊಳ್ಳುತ್ತದೆ. ಎರಡೂ ಬದಿಗೆ ಮೇಲೊಂದು ಕೆಳಗೊಂದು, ಹೀಗೆ ನಾಲ್ಕು 8 ಎಂ.ಎಂ. ಬೋಲ್ಟ್ ಬೇಕು. ಬದಿಗೆ ಒಂದೇ ಇದ್ದರೆ ಹಲಗೆ ಅದರ ಮೇಲೆ ಆಡುತ್ತದೆ. 18 ಎಂ.ಎಂ. ಪ್ಲೈ ಎರಡು ಸೇರುವ ಕಡೆ 50 ಎಂ.ಎಂ. ಉದ್ದದ ಬೋಲ್ಟ್, ಅಗಲ ವಾಷರ್ ಸಾಕು.

ಟೀ-ನಟ್, ಅಂದರೆ ಹಲಗೆಗೆ ಬಡಿದು ಕೂರಿಸುವ ಹಲ್ಲಿರುವ ನಟ್, ಹಾಕುವುದಾದರೆ ಹೆಡ್‌ಬೋರ್ಡಿನ ಹಿಂಬದಿಯಿಂದಲೇ ಬಡಿಯಿರಿ. ಆಗ ಬೋಲ್ಟ್ ಬಿಗಿದಷ್ಟೂ ಅದರ ಹಲ್ಲು ಪ್ಲೈನೊಳಗೆ ಕಚ್ಚುತ್ತದೆ. ಮುಂಬದಿಯಿಂದ ಬಡಿದರೆ ಬಿಗಿಯುವಾಗಲೇ ಕಿತ್ತು ಬರುತ್ತದೆ. ಹಿಂಬದಿಗೆ ಬಟ್ಟೆ ಹೊಡೆಯುವ ಮೊದಲೇ ಈ ಕೆಲಸ ಮುಗಿದಿರಬೇಕು.

ಕೊನೆಗೆ ಗೋಡೆ. ಗೋಡೆಯ ಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಟೈಲ್ಸ್ ಸುಮಾರು 10 ಎಂ.ಎಂ. ಮುಂದಕ್ಕಿರುವುದರಿಂದ ಕೆಳಗೆ ಹಲಗೆ ತಾಗಿ ಮೇಲೆ ಸಂದು ಉಳಿಯುತ್ತದೆ, ಒರಗಿದಾಗಲೆಲ್ಲ ಗೋಡೆಗೆ ಬಡಿಯುತ್ತದೆ. ಹಿಂದೆ, ಮೇಲ್ಭಾಗದಲ್ಲಿ ಅಷ್ಟೇ ದಪ್ಪದ ಎರಡು ಪಟ್ಟಿ ಹೊಡೆಯಿರಿ. ಪಟ್ಟಿಗಳನ್ನು ನಿಲುವಾಗಿ ಹೊಡೆದರೆ ನಡುವೆ ಗಾಳಿಯಾಡುತ್ತದೆ, ತೇವದ ಗೋಡೆಯಿದ್ದರೂ ಪ್ಲೈಗೆ ಬೂಷ್ಟು ಬೇಗ ಹಿಡಿಯುವುದಿಲ್ಲ.