ರೊಬೆರ್ಟೊ ಎಂದೇ ಕರೆಯಿರಿ

ಕ್ರೀಡಾ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಹನ್ನೆರಡನೆಯ ಆಟಗಾರನಾಗಿಯೇ ಮೂರು ವರ್ಷ ಕಳೆದ ನನಗೆ ಬರೆಯಲು ಏನಿದೆ ಎಂದು ಮೊದಲು ಹಿಂಜರಿದೆ. ಆಮೇಲೆ ನೆನಪಾದದ್ದು, ನಮ್ಮ ಪಿ.ಡಿ. ಮೇಷ್ಟ್ರು ನನ್ನನ್ನು ಬೌಂಡರಿ ಗೆರೆಯ ಬಳಿ ನಿಲ್ಲಿಸಿ, ಚೆಂಡು ನೆಲಕ್ಕೆ ತಾಗದೆ ವಿಕೆಟ್ ಕೀಪರನ ಕೈಗವಸು ಸೇರುವವರೆಗೆ ಸಂಜೆಯೆಲ್ಲ ಎಸೆಸುತ್ತಿದ್ದುದು. ಅಂಥ ಎಸೆತದ ಬೆಲೆ ಗೊತ್ತಿದ್ದುದರಿಂದಲೇ, 1995ರಲ್ಲಿ ಎಂ.ಎಸ್. ಓದಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದಾಗ ರೊಬೆರ್ಟೊ ಕ್ಲೆಮೆಂಟೆ ಎಂಬ ಬೇಸ್‌ಬಾಲ್ ಆಟಗಾರ ನನಗೆ ದೂರದವರೆನಿಸಲಿಲ್ಲ. ಅವರು ತೀರಿಕೊಂಡು ಆಗಲೇ ಇಪ್ಪತ್ತೆರಡು ವರ್ಷಗಳು ಕಳೆದಿದ್ದವು.

ನಾವು ಓದುತ್ತಿದ್ದ ಜಾಗವೇ ಒಂದು ಕಾಲಕ್ಕೆ ಅವರ ಆಟದ ಮೈದಾನ. ಅವರು ಆಡುತ್ತಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಫೋರ್ಬ್ಸ್ ಫೀಲ್ಡ್‌ನಲ್ಲಿ 1970ರಲ್ಲಿ ಕೊನೆಯ ಪಂದ್ಯ ನಡೆದ ಮೇಲೆ ಅದನ್ನು ಕೆಡವಿ ವಿಶ್ವವಿದ್ಯಾಲಯದ ಕಟ್ಟಡಗಳನ್ನು ಎಬ್ಬಿಸಿದ್ದರು. ಅವುಗಳಲ್ಲೊಂದಾದ, ಆಗ ಫೋರ್ಬ್ಸ್ ಕ್ವಾಡ್ರ್ಯಾಂಗಲ್ ಎನ್ನುತ್ತಿದ್ದ ಕಟ್ಟಡದ ನೆಲಮಹಡಿಯಲ್ಲಿ, ಜನ ಓಡಾಡುವ ಹಾದಿಯಲ್ಲೇ, ಗಾಜಿನ ಕೆಳಗೆ ಐದು ಮೂಲೆಗಳ ಬಿಳಿಯ ಹಲಗೆಯೊಂದನ್ನು ಹುದುಗಿಸಿದ್ದಾರೆ. ಅದು ಬ್ಯಾಟುಗಾರನ ನೆಲೆಯಾದ ಹೋಮ್ ಪ್ಲೇಟ್. ಏನೆಂದು ತಿಳಿಯದೆ ನಾನು ಒಂದು ವಾರ ಅದರ ಮೇಲೆಯೇ ಬೂಟುಗಾಲಿನಲ್ಲಿ ನಡೆದಾಡಿದ್ದೆ. ತಿಳಿದ ಮೇಲೆ ಬಳಸಿಕೊಂಡು ಹೋಗತೊಡಗಿದೆ.

ಹತ್ತಿರದಲ್ಲೇ ಹಳೆಯ ಕ್ರೀಡಾಂಗಣದ ಇಟ್ಟಿಗೆಯ ಗೋಡೆಯ ಒಂದು ಭಾಗ ಉಳಿದಿದೆ. ಪ್ರತಿ ವರ್ಷ ಅಕ್ಟೋಬರ್ 13ರ ಮಧ್ಯಾಹ್ನ ಊರಿನ ಹಿರಿಯರು ಅಲ್ಲಿ ಮಡಚುವ ಕುರ್ಚಿಗಳನ್ನು ಹಾಕಿಕೊಂಡು, 1960ರ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲ್ ಋತುವಿನ ಕೊನೆಯ ಪ್ರಶಸ್ತಿ ಸರಣಿಯ, ಏಳನೆಯ ಪಂದ್ಯದ ರೇಡಿಯೊ ವೀಕ್ಷಕವಿವರಣೆಯ ಧ್ವನಿಮುದ್ರಣವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾರೆ. ಬಿಲ್ ಮ್ಯಾಜೆರಾಸ್ಕಿಯ ಹೊಡೆತ ಗೋಡೆ ದಾಟಿ ಪೈರೇಟ್ಸ್ ತಂಡ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು 10-9ರಿಂದ ಸೋಲಿಸಿದ ಗಳಿಗೆಯಲ್ಲಿ, ಫಲಿತಾಂಶ ಮೊನ್ನೆಯಷ್ಟೇ ಗೊತ್ತಾಯಿತೆಂಬಂತೆ ಕೂಗುತ್ತಾರೆ. ನನ್ನ ಪಕ್ಕದಲ್ಲಿ ಕುಳಿತಿದ್ದ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಮುದುಕರೊಬ್ಬರು ಮಾತ್ರ ಅದಕ್ಕಿಂತ ಮುಂಚೆ, ಎಂಟನೆಯ ಇನ್ನಿಂಗ್ಸ್‌ನಲ್ಲೇ ಬೆರಳೆತ್ತಿ 'ಈಗ ಕೇಳು' ಎಂದರು. ಕ್ಲೆಮೆಂಟೆ ಹೊಡೆದ ಚೆಂಡು ಸಪ್ಪಗೆ ಪುಟಿಯುತ್ತ, ಬ್ಯಾಟುಗಾರ ಓಡಿ ಮುಟ್ಟಬೇಕಾದ ಮೊದಲ ಬೇಸ್‌ನ ಕಡೆ ಹೋಗುತ್ತದೆ, ಚೆಂಡೆಸೆಗಾರ ಆ ಬೇಸ್ ಕಾಯಲು ತಡಮಾಡುತ್ತಾನೆ, ಕ್ಲೆಮೆಂಟೆ ಪ್ರಾಣ ಬಿಟ್ಟು ಓಡಿ ತಲುಪುತ್ತಾರೆ, ಅಷ್ಟರಲ್ಲಿ ಒಂದು ರನ್ ಬರುತ್ತದೆ. ಬೆನ್ನಿಗೇ ಅದೇ ತಂಡದ ಹ್ಯಾಲ್ ಸ್ಮಿತ್ ಹೊಡೆತದಿಂದ ಇನ್ನೂ ಮೂರು. ಆ ಓಟವಿಲ್ಲದಿದ್ದರೆ ಮ್ಯಾಜೆರಾಸ್ಕಿಯ ಹೊಡೆತಕ್ಕೆ ಅವಕಾಶವೇ ಇರುತ್ತಿರಲಿಲ್ಲ ಎಂಬುದು ಮುದುಕರ ವಾದ. ಆ ವರ್ಷದ ಅತ್ಯಮೂಲ್ಯ ಆಟಗಾರನ ಆಯ್ಕೆಯಲ್ಲಿ ಪತ್ರಕರ್ತರು ಕ್ಲೆಮೆಂಟೆಗೆ ಕೊಟ್ಟದ್ದು ಎಂಟನೆಯ ಸ್ಥಾನ. ಆ ಮಾತನ್ನು ಹೇಳುವಾಗ ಮುದುಕರ ದನಿಯಲ್ಲಿದ್ದ ಸಿಟ್ಟು ಮೂವತ್ತೈದು ವರ್ಷಗಳಾದರೂ ಆರಿರಲಿಲ್ಲ.

ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊ ರಿಕೊ ದ್ವೀಪದ ಕರೊಲಿನಾದಲ್ಲಿ. ತಂದೆ ಕಬ್ಬಿನ ಗದ್ದೆಯಲ್ಲಿ ಆಳುಗಳ ಮೇಸ್ತ್ರಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ಪ್ರಜೆಗಳಾಗಿದ್ದರೂ, 1955ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಿಳಿದ ಈ ಯುವಕನನ್ನು ಪತ್ರಿಕೆಗಳು ಕಂಡದ್ದು ಪರದೇಶಿಯಂತೆಯೇ. ಕಪ್ಪು ಮೈಬಣ್ಣ ಒಂದು ತೊಡಕು, ಸ್ಪ್ಯಾನಿಷ್ ನಾಲಿಗೆ ಇನ್ನೊಂದು. ವಸಂತಕಾಲದ ಅಭ್ಯಾಸಕ್ಕೆಂದು ಫ್ಲಾರಿಡಾಕ್ಕೆ ಹೋದಾಗ ಬಿಳಿಯ ಆಟಗಾರರು ಹೋಟೆಲಿನಲ್ಲಿ ಉಣ್ಣುತ್ತಿದ್ದರೆ ಇವರು ಬಸ್ಸಿನಲ್ಲೇ ಕಾಯಬೇಕಿತ್ತು. ವರದಿಗಾರರು ಇವರ ಮಾತನ್ನು ಉಚ್ಚಾರದ ಸಮೇತ ಅಚ್ಚುಹಾಕಿ, 'ಹಿಟ್' ಎಂಬುದನ್ನು 'ಹೀಟ್' ಎಂದು ಬರೆದು ಓದುಗರನ್ನು ನಗಿಸುತ್ತಿದ್ದರು. ಆ ವರದಿಗಾರರಲ್ಲಿ ಎಷ್ಟು ಜನರಿಗೆ ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಆಡಲು ಬರುತ್ತಿತ್ತೋ ಏನೋ. ಹೆಸರನ್ನೂ ಬಿಡಲಿಲ್ಲ. ಮಕ್ಕಳು ಕೂಡಿಡುತ್ತಿದ್ದ ಆಟಗಾರರ ಕಾರ್ಡುಗಳಲ್ಲಿ 1957ರಿಂದ 1969ರವರೆಗೆ ಇವರು 'ಬಾಬ್ ಕ್ಲೆಮೆಂಟೆ'. ತನ್ನ ಹೆಸರು ರೊಬೆರ್ಟೊ ಎಂದು ಅವರು ಹೇಳುತ್ತಲೇ ಇದ್ದರು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾನು ಅಲ್ಲಿಗೆ ಹೋದ ಮೊದಲ ವಾರದಲ್ಲೇ, ಯಾರೂ ಕೇಳದಿದ್ದರೂ, ಮಲ್ಲಿಕಾರ್ಜುನ ಎಂಬ ಹೆಸರನ್ನು ಕತ್ತರಿಸಿ 'ಮ್ಯಾಲ್' ಎಂದು ಮಾಡಿಕೊಂಡಿದ್ದೆ. ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪಕ್ಕೆ ಗೋತ್ರ, ನಕ್ಷತ್ರ, ಹೆಸರು ಕೇಳಿದಾಗ ಮಾತ್ರ ಪೂರ್ತಿ ಹೆಸರು ಬಾಯಿಗೆ ಬರುತ್ತಿತ್ತು.

ಕ್ಲೆಮೆಂಟೆ ಅವರ ಆಟವನ್ನು ನಾನು ನೋಡಿದ್ದು ಹಳೆಯ ಚಿತ್ರಸುರುಳಿಗಳಲ್ಲಿ ಮಾತ್ರ. ಬಲಮೂಲೆಯ ಗೋಡೆಯ ಬಳಿ ಚೆಂಡು ಹಿಡಿದು, ಗಿರ್ರನೆ ತಿರುಗಿ ಮೂರನೆಯ ಬೇಸ್‌ಗೆ ಎಸೆಯುವುದನ್ನು ಕಂಡಾಗಲೆಲ್ಲ ನಮ್ಮ ಮೇಷ್ಟ್ರು ಇದನ್ನು ನೋಡಬೇಕಿತ್ತು ಎನಿಸುತ್ತಿತ್ತು. ಕ್ಷೇತ್ರರಕ್ಷಣೆಗೆ ಹನ್ನೆರಡು ಗೋಲ್ಡ್ ಗ್ಲೋವ್ ಪ್ರಶಸ್ತಿ, ಬ್ಯಾಟಿಂಗ್‌ನಲ್ಲಿ ನಾಲ್ಕು ಬಾರಿ ಲೀಗ್‌ಗೆ ಮೊದಲಿಗ, 1966ರಲ್ಲಿ ಕೊನೆಗೂ ಅತ್ಯಮೂಲ್ಯ ಆಟಗಾರ. 1971ರ ವರ್ಲ್ಡ್ ಸೀರೀಸ್‌ನ ಏಳೂ ಪಂದ್ಯಗಳಲ್ಲಿ ಹಿಟ್ ಗಳಿಸಿ (ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದೇ ಹಿಟ್), ಹತ್ತು ಸರದಿಗೆ ನಾಲ್ಕಕ್ಕಿಂತ ಹೆಚ್ಚು ಹಿಟ್ ಎಂಬ .414ರ ಸರಾಸರಿಯಲ್ಲಿ ಆಡಿ, ಬಾಲ್ಟಿಮೋರ್ ಎದುರು ತಂಡವನ್ನು ಗೆಲ್ಲಿಸಿದರು. ಪಂದ್ಯ ಮುಗಿದು ಟಿ.ವಿ.ಯವರು ಮೈಕು ಹಿಡಿದಾಗ ಅವರು ಮೊದಲು ಇಂಗ್ಲಿಷ್‌ನಲ್ಲಿ ಅಪ್ಪಣೆ ಕೇಳಿ, ನಂತರ ಸ್ಪ್ಯಾನಿಷ್‌ಗೆ ಹೊರಳಿ, ತನ್ನ ಬದುಕಿನ ದೊಡ್ಡ ದಿನದಂದು ಮಕ್ಕಳಿಗೆ ಆಶೀರ್ವಾದ ಹೇಳಿ, ತಂದೆತಾಯಿಯ ಆಶೀರ್ವಾದ ಬೇಡಿದರು. ಅಮೆರಿಕವೆಲ್ಲ ನೋಡುತ್ತಿದ್ದ ಆ ಗಳಿಗೆಯಲ್ಲಿ ಅವರ ಮಾತು ಕರೊಲಿನಾದ ಮನೆಗೆ.

ಮರುವರ್ಷ ಸೆಪ್ಟೆಂಬರ್ 30ರಂದು, ಸುಮಾರು 13,000 ಪ್ರೇಕ್ಷಕರಷ್ಟೇ ಇದ್ದ ಕ್ರೀಡಾಂಗಣದಲ್ಲಿ ಅವರು 3,000ನೆಯ ಹಿಟ್ ಗಳಿಸಿದರು. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದು. ಡಿಸೆಂಬರ್ 23ರಂದು ನಿಕರಾಗ್ವಾದ ರಾಜಧಾನಿ ಮನಾಗ್ವಾ ಭೂಕಂಪದಲ್ಲಿ ಕುಸಿಯಿತು. ಆ ಊರಿನಲ್ಲಿ ಹಿಂದಿನ ತಿಂಗಳಷ್ಟೇ ಪೋರ್ಟೊ ರಿಕೊದ ಹವ್ಯಾಸಿ ತಂಡದ ಮ್ಯಾನೇಜರ್ ಆಗಿ ಇದ್ದು ಬಂದಿದ್ದ ಅವರು, ಹಬ್ಬದ ದಿನಗಳೆನ್ನದೆ ಔಷಧಿ, ಆಹಾರ, ಬಟ್ಟೆ ಕೂಡಿಸಲು ನಿಂತರು. ಕಳುಹಿಸಿದ ಸಾಮಗ್ರಿ ಅಲ್ಲಿನ ಸೈನಿಕರ ಪಾಲಾಗುತ್ತಿದೆ ಎಂಬ ಸುದ್ದಿ ಬಂದಾಗ, ತಾನೇ ಎದುರಿಗಿದ್ದರೆ ಜನರಿಗೆ ತಲುಪೀತೆಂದು ಡಿಸೆಂಬರ್ 31ರ ರಾತ್ರಿ ಸ್ಯಾನ್ ಹ್ವಾನ್‌ನಿಂದ ಹೊರಟ ಡಿಸಿ-7 ವಿಮಾನ ಹತ್ತಿದರು. ಮಿತಿಮೀರಿ ಹೊರೆ ಹೇರಿದ್ದ ಆ ಹಳೆಯ ವಿಮಾನ ಏರುತ್ತಿದ್ದಂತೆಯೇ ಸಮುದ್ರಕ್ಕೆ ಬಿತ್ತು. ಐದು ಜನರಿದ್ದರು, ಯಾರೂ ಉಳಿಯಲಿಲ್ಲ. ತಂಡದ ಗೆಳೆಯ, ಪನಾಮಾದ ಮ್ಯಾನಿ ಸಾಂಗಿಯೆನ್ ಶ್ರದ್ಧಾಂಜಲಿ ಸಭೆಗೂ ಹೋಗದೆ ಮುಳುಗುಗಾರರ ಜೊತೆ ನೀರಿಗಿಳಿದು ಹುಡುಕಿದರು. ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ. ವಯಸ್ಸು 38.

ಗೌರವಗಳೆಲ್ಲ ಆಮೇಲೆ ಬಂದವು. ಊರಿನ ಒಂದು ಸೇತುವೆಗೆ ಅವರ ಹೆಸರು. ಈಗಿನ ಕ್ರೀಡಾಂಗಣದ ಬಲಗಡೆಯ ಗೋಡೆ ಅವರ ಅಂಗಿಯ ನಂಬರಿನಂತೆ 21 ಅಡಿ ಎತ್ತರ. ಸಮಾಜಸೇವೆಯಲ್ಲೂ ಮುಂದಿರುವ ಆಟಗಾರನಿಗೆ ವರ್ಷವರ್ಷವೂ ಅವರ ಹೆಸರಿನ ಪ್ರಶಸ್ತಿ. ಇಂದು ಅಲ್ಲಿನ ಮೇಜರ್ ಲೀಗ್ ಆಟಗಾರರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಲ್ಯಾಟಿನೊ ಮೂಲದವರು. ಅವರಲ್ಲಿ ಯಾರನ್ನೂ ಬಾಬ್ ಎಂದು ಕರೆಯುವ ಧೈರ್ಯ ಈಗ ಯಾರಿಗೂ ಇಲ್ಲ. ಸಾಮಾನ್ಯವಾಗಿ ಐದು ವರ್ಷ ಕಾಯಿಸುವ ನಿಯಮವನ್ನು ಸಡಿಲಿಸಿ, 1973ರಲ್ಲೇ ಕೂಪರ್ಸ್‌ಟೌನ್‌ನಲ್ಲಿರುವ, ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಕ್ಲೆಮೆಂಟೆ ಅವರನ್ನು ಸೇರಿಸಿದರು. ಲ್ಯಾಟಿನ್ ಅಮೆರಿಕದ ಆಟಗಾರರಲ್ಲಿ ಅವರೇ ಮೊದಲಿಗರು.

1997ರಲ್ಲಿ ನಾನು ಅಲ್ಲಿಗೆ ಹೋಗಿ ಅವರ ಕಂಚಿನ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ. ಅದರ ಮೇಲೆ 'ರೊಬೆರ್ಟೊ ವಾಕರ್ ಕ್ಲೆಮೆಂಟೆ' ಎಂದಿತ್ತು. ವಾಕರ್ ಎಂಬುದು ಅವರ ತಾಯಿಯ ಮನೆತನದ ಹೆಸರು. ಸ್ಪ್ಯಾನಿಷ್ ರೂಢಿಯಲ್ಲಿ ಅದು ಕೊನೆಗೆ ಬರಬೇಕು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮುಂದೆ ಬರುವಂತೆ ಅವರಲ್ಲಿ ಅದಕ್ಕೊಂದು ಕ್ರಮವಿದೆ. 2000ದಲ್ಲಿ 'ರೊಬೆರ್ಟೊ ಕ್ಲೆಮೆಂಟೆ ವಾಕರ್' ಎಂದು ಹೊಸ ಫಲಕ ಎರಕಹೊಯ್ದು ಹಳೆಯದನ್ನು ತೆಗೆದರು. ನನ್ನ ಬಳಿಯಿರುವ ಫೋಟೊದಲ್ಲಿ ಈಗಲೂ ಆ ತಪ್ಪು ಹೆಸರಿನ ಫಲಕವೇ ಇದೆ. ಅದರ ಹಿಂಬದಿಯಲ್ಲಿ, ನನ್ನದೇ ಕೈಬರಹದಲ್ಲಿ, 'ಮ್ಯಾಲ್, ಕೂಪರ್ಸ್‌ಟೌನ್, 1997' ಎಂದಿದೆ.