ಗ್ರಹಣದ ಊರಿಗೆ
26 ಏಪ್ರಿಲ್ 2026, ರವಿವಾರ, ಐಂಡ್‌ಹೋವೆನ್, ನೆದರ್ಲೆಂಡ್ಸ್

ಬಸಿರಿಗೆ ಇಂದು ಹನ್ನೆರಡು ವಾರ ತುಂಬಿದವು. ನಾಳೆ ಇಲ್ಲಿಯ ರಾಜನ ಹುಟ್ಟುಹಬ್ಬದ ರಜೆ. ಹಳೆಯ ಆಟಿಕೆಗಳನ್ನು ಮಾರಲು ಕೂರುವ ಮಕ್ಕಳು ನಮ್ಮ ಬೀದಿಯ ಕಲ್ಲುಹಾಸಿನ ಮೇಲೆ ಆಗಲೇ ಸೀಮೆಸುಣ್ಣದಿಂದ ಚೌಕ ಎಳೆದು ತಮ್ಮ ತಮ್ಮ ಹೆಸರು ಬರೆದುಕೊಂಡು ಹೋಗಿದ್ದಾರೆ. ನಾನು ಮಾತ್ರ ಬೆಳಗಿನಿಂದ ಒಂದೇ ಪ್ರಶ್ನೆಯನ್ನು ಹಿಡಿದು ಕೂತಿದ್ದೇನೆ. ಆಗಸ್ಟ್ ರಜೆಗೆ ಎಲ್ಲಿಗೆ ಹೋಗುವುದು?

ಜನವರಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಗಸ್ಟ್ 12ರ ಬುಧವಾರ ಸಂಜೆ ಉತ್ತರ ಸ್ಪೇನಿನ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಗುತ್ತದೆ, ನಾವು ಅದರ ಕೆಳಗೆ ನಿಂತಿರುತ್ತೇವೆ ಎಂದು ನಿಶ್ಚಯವಾಗಿತ್ತು. 2019ರ ಡಿಸೆಂಬರಿನಲ್ಲಿ ಮಂಗಳೂರಿನವರು ಕಂಕಣ ಗ್ರಹಣ ನೋಡಿದ ಬೆಳಿಗ್ಗೆ ನಾನು ಬೆಂಗಳೂರಿನಲ್ಲಿ ಕಚೇರಿಯ ಬಿಸಿಲುಮಚ್ಚಿನ ಮೇಲೆ ನಿಂತು, ಬಳೆಯಾಗದೆ ಉಳಿದ ಸೂರ್ಯನನ್ನು ನೋಡಿ ಕೆಳಗಿಳಿದಿದ್ದೆ. ಆ ಕೊರತೆ ಅಂದಿನಿಂದಲೂ ನನ್ನೊಳಗಿದೆ. ಮಾರ್ಚಿನಲ್ಲಿ ಬಸಿರು ತಿಳಿದ ಮೇಲೆ ಇವರು ಸ್ಪೇನಿನ ಮಾತನ್ನು ತಾವಾಗಿಯೇ ನಿಲ್ಲಿಸಿದರು. ನಾನೂ ಎತ್ತಲಿಲ್ಲ.

ಆಮೇಲೆ ಶುರುವಾದದ್ದು ಕಳೆಯುವ ಲೆಕ್ಕ. ಸಿಸಿಲಿಯನ್ನು ಬಿಟ್ಟೆವು, 2021ರ ಆಗಸ್ಟಿನಲ್ಲಿ ಅಲ್ಲಿ 48.8 ಡಿಗ್ರಿ ದಾಖಲಾಗಿದೆ, ಯುರೋಪಿನಲ್ಲಿ ಅದಕ್ಕಿಂತ ಹೆಚ್ಚಿನ ಉಷ್ಣತೆಯ ದಾಖಲೆಯಿಲ್ಲ. 2023ರ ಜುಲೈನಲ್ಲಿ ಕಾಡ್ಗಿಚ್ಚಿಗೆ ಹೆದರಿ ಸಾವಿರಾರು ಪ್ರವಾಸಿಗರು ಹೋಟೆಲು ಬಿಟ್ಟು ಓಡಿದ ರೋಡ್ಸ್ ದ್ವೀಪವನ್ನೂ ಬಿಟ್ಟೆವು. ಮೈಯೊಳಗೇ ಒಂದು ಒಲೆ ಹೊತ್ತಿದಂತಿರುವಾಗ ಅಂಥ ಬಿಸಿಲಿಗೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ 3,454 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲಕ್ಕೆ ಈಗ ಬೇಡ ಎಂದು ಬಿಟ್ಟೆವು. ಐರ್ಲೆಂಡ್, ಸ್ಕಾಟ್ಲೆಂಡ್ ತಂಪಾಗಿವೆ, ಆದರೆ ನಮ್ಮ ಡಚ್ ವಾಸದ ಕಾರ್ಡು ಅಲ್ಲಿ ನಡೆಯುವುದಿಲ್ಲ. ಪ್ರತ್ಯೇಕ ವೀಸಾಕ್ಕೆ ಅಲೆಯಬೇಕು.

ಉಳಿದದ್ದು ಇವರಿಗೆ ಇಷ್ಟವಾದ, ಜರ್ಮನಿಯ ದಕ್ಷಿಣ ಅಂಚಿನ ಬೋಡನ್‌ಸೇ ಸರೋವರ. ಉಟ್ರೆಕ್ಟಿನಲ್ಲಿ ಜರ್ಮನ್ ರೈಲು ಹತ್ತಿ ಕಾರ್ಲ್ಸ್‌ರುಹೆಯಲ್ಲಿ ಇಳಿದರೆ, ಅಲ್ಲಿಂದ ಕಪ್ಪುಕಾಡಿನ ಸುರಂಗಗಳನ್ನು ದಾಟಿ ಇನ್ನೊಂದು ರೈಲು ನೇರವಾಗಿ ಸರೋವರದ ದಂಡೆಯ ಕೊನ್‌ಸ್ಟಾಂಜಿಗೆ ಮುಟ್ಟಿಸುತ್ತದೆ. ವಿಮಾನವೇ ಬೇಡ, ಬೇಕೆನಿಸಿದಾಗಲೆಲ್ಲ ಎದ್ದು ಓಡಾಡಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಆದರೆ ಆ ಭಾಗದ ಹುಲ್ಲಿನಲ್ಲಿ ಉಣುಗುಗಳಿವೆ, ಅವು ಕಚ್ಚಿದರೆ ಮಿದುಳಿನ ಉರಿಯೂತ ತರುವ ವೈರಸ್ಸು ಹರಡಬಹುದು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿಗೆ ಅದು ದಾಯಾದಿಯೆಂದು ಓದಿದಾಗ, ಪೂರ್ತಿ ನಿರ್ಭಯವಾದ ಊರು ಭೂಪಟದಲ್ಲಿ ಎಲ್ಲಿಯೂ ಇಲ್ಲವೆಂದು ನನಗೆ ಖಚಿತವಾಯಿತು. ಹಾಗಿದ್ದ ಮೇಲೆ ಭಯದ ಲೆಕ್ಕದಿಂದಲೇ ಊರನ್ನು ಏಕೆ ಆರಿಸಬೇಕು?

ಮೊನ್ನೆ ಸೂಲಗಿತ್ತಿಯನ್ನು ಕಂಡಾಗ ಇದನ್ನೇ ಹೇಳಿ, ಸ್ಪೇನಿಗೆ ಹೋಗಬಹುದೇ ಎಂದು ಕೇಳಿದೆ. ಇಲ್ಲಿ ತೊಂದರೆಯಿಲ್ಲದ ಬಸಿರನ್ನು ಡಾಕ್ಟರರಲ್ಲ, ತರಬೇತಾದ ಸೂಲಗಿತ್ತಿಯರೇ ನೋಡಿಕೊಳ್ಳುತ್ತಾರೆ. ಆಕೆ ನನ್ನ ಮಾತನ್ನು ಪೂರ್ತಿ ಕೇಳಿದ ಮೇಲೆ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ವಾರಗಳನ್ನು ಎಣಿಸಿದರು. ಗ್ರಹಣದ ದಿನ 27 ವಾರ, ಮೂರು ದಿನ. ಮರಳಿ ಬರುವ ಆಗಸ್ಟ್ 16ರ ರವಿವಾರಕ್ಕೆ ಸರಿಯಾಗಿ 28. ಬಹಳಷ್ಟು ವಿಮಾನದವರು 28 ತುಂಬಿದ ಮೇಲೆ ಪ್ರಯಾಣಕ್ಕೆ ತೊಂದರೆಯಿಲ್ಲವೆಂಬ ಪತ್ರ ಕೇಳುತ್ತಾರೆ, 36ರ ಆಚೆಗೆ ಹತ್ತಿಸಿಕೊಳ್ಳುವುದಿಲ್ಲ. ಪತ್ರ ತಾನೇ ಬರೆದುಕೊಡುತ್ತೇನೆಂದರು. 20ನೆಯ ವಾರದ ಸ್ಕ್ಯಾನಿನ ವರದಿ ಕೈಗೆ ಬರುವವರೆಗೆ ಹಣ ಹಿಂದಿರುಗದ ಯಾವುದನ್ನೂ ಕಾಯ್ದಿರಿಸಬೇಡಿ, ಯುರೋಪಿನ ಆರೋಗ್ಯ ವಿಮೆಯ ಕಾರ್ಡು ಮತ್ತು ಬಸಿರಿನ ಕಡತ ಕೈಚೀಲದಲ್ಲೇ ಇರಲಿ, ಇಳಿದುಕೊಳ್ಳುವ ಊರಿನಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರವೆಂದು ಮೊದಲೇ ನೋಡಿಕೊಳ್ಳಿ ಎಂದರು. ಗ್ರಹಣದಿಂದ ಮಗುವಿಗೆ ಏನಾದರೂ ಆದೀತೇ ಎಂದು ನಾನು ಕೇಳಲಿಲ್ಲ. ಅದಕ್ಕೆ ಯಾವ ಆಧಾರವೂ ಇಲ್ಲವೆಂಬುದು ನನಗೆ ಗೊತ್ತಿದೆ. ಕಣ್ಣಿಗೆ ಬೇಕಾದ ಕನ್ನಡಕ ಎಲ್ಲರಿಗೂ ಬೇಕಾದದ್ದೇ.

ಇವರು ಆ ಸಂಜೆಯೇ ಸ್ಪೇನಿನ ನಕ್ಷೆ ತೆರೆದು ಕೂತರು, ಏನೂ ಹೇಳಲಿಲ್ಲ. ಒಳನಾಡಿನ ಬುರ್ಗೋಸ್, ಲೆಯೋನ್ ಪ್ರಸ್ಥಭೂಮಿಯಲ್ಲಿ ಆಕಾಶ ನಿರ್ಮಲವಾಗಿರುವ ಸಂಭವ ಹೆಚ್ಚು, ಆದರೆ ಅಲ್ಲಿ ಬಿಸಿಲೂ ಹೆಚ್ಚು. ಕಳೆದ ಆಗಸ್ಟಿನಲ್ಲಿ ಲೆಯೋನ್, ಜಮೋರಾ, ಗಲೀಸಿಯಗಳಲ್ಲಿ ಕಾಡು ಹತ್ತಿ ಉರಿದು ರೈಲು ಕೂಡ ನಿಂತಿತ್ತು. ಸಮುದ್ರದ ಕಡೆಯ ಅಸ್ಟುರಿಯಸ್ ಹಸಿರು ನಾಡು, ಆಗಸ್ಟಿನಲ್ಲೂ 25 ಡಿಗ್ರಿಯ ಒಳಗೇ ಇರುವ ದಿನಗಳೇ ಹೆಚ್ಚು, ಆದರೆ ಮೋಡವೂ ಅಲ್ಲೇ. ನನ್ನ ಮೈಗೆ ಬೇಕಾದದ್ದು ಒಂದು ಊರು, ಕಣ್ಣಿಗೆ ಬೇಕಾದದ್ದು ಇನ್ನೊಂದು. ಎರಡರ ನಡುವೆ ಬೆಟ್ಟದ ಸಾಲಿದೆ, ಅದರಡಿಯಲ್ಲಿ 2023ರಲ್ಲಿ ತೆರೆದ ಸುಮಾರು 25 ಕಿಲೋಮೀಟರ್ ಉದ್ದದ ರೈಲು ಸುರಂಗವಿದೆ. ಕರಾವಳಿಯ ಗಿಹೋನಿನಲ್ಲಿ ಉಳಿಯುವುದು, ಅಂದು ಬೆಳಿಗ್ಗೆ ಮೋಡ ಕವಿದಿದ್ದರೆ ರೈಲಿನಲ್ಲಿ ಲೆಯೋನಿಗೆ ಹೋಗುವುದು ಎಂಬ ಉಪಾಯ ಇವರದು. ಗಿಹೋನಿನಿಂದ ಸುಮಾರು 30 ಕಿಲೋಮೀಟರಿನ ಓವಿಯೆದೊದಲ್ಲಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ಇದೆಯೆಂದು ಕೆಂಪು ಚುಕ್ಕೆ ಇಟ್ಟು ತೋರಿಸಿದರು. ಎಂಟು ದಿನದ ಹಿಂದೆ ಸುರಿನಾಮಿಯವರ ಅಂಗಡಿಯಿಂದ ನನಗೆಂದು ಹುಳಿ ಮಾವಿನಕಾಯಿ ಹುಡುಕಿ ತಂದವರು ಇವರೇ. ಅದೇ ಮುಖ ಅಂದೂ ಇತ್ತು.

ಹೇಳಬೇಕಾದದ್ದು ಇದೊಂದೇ ಇತ್ತು, ಇಷ್ಟು ಸುತ್ತಿ ಬಂದೆ. ಬಸುರಿಯ ಬಯಕೆಯನ್ನು ಉಳಿಸಬಾರದು ಎನ್ನುವವರು ನಮ್ಮವರು. ಗ್ರಹಣದ ಹೊತ್ತಿಗೆ ಬಸುರಿ ಹೊಸ್ತಿಲು ದಾಟಬಾರದು ಎನ್ನುವವರೂ ನಮ್ಮವರೇ. ನನ್ನ ಬಯಕೆಯೇ ಗ್ರಹಣವಾದರೆ?

ಮಧ್ಯಾಹ್ನ ಅವ್ವನಿಗೆ ಫೋನು ಮಾಡಿ ಹೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

“ಅಷ್ಟೆಲ್ಲಾ ಊರು ಬಿಟ್ಟು ಗ್ರಹಣ ಹಿಡಿಯೋ ಊರಿಗೇ ಹೊಂಟೀಯೇನು?”

ಇಲ್ಲಿ ಮನೆಯಲ್ಲೇ ಇದ್ದರೂ ಅಂದು ಸೂರ್ಯನ ಬಹುಭಾಗ ಮುಚ್ಚುತ್ತದೆ, ಐಂಡ್‌ಹೋವೆನ್ನಿಗೂ ಅದು ತಪ್ಪಿದ್ದಲ್ಲ ಎಂದು ವಿವರಿಸಿದೆ. ಹುಬ್ಬಳ್ಳಿಯಲ್ಲಿ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಅಲ್ಲಿ ಆಗ ಸರಿರಾತ್ರಿಯಾಗುತ್ತ ಬಂದಿರುತ್ತದೆ, ಕಾಣುವುದೇ ಇಲ್ಲ ಎಂದೆ.

“ಕಾಣದ ಗ್ರಹಣಕ್ಕ ಆಚರಣಿ ಇಲ್ಲವಾ. ಹಂಗಾದ್ರ ಇಲ್ಲಿಗೇ ಬಂದ್ಬಿಡು. ಏಳರಾಗ ಕುಬಸಾನೂ ಮಾಡಿ ಕಳಸ್ತೀನಿ.”

ಆ ಮಾತಿಗೆ ಗಂಟಲು ಕಟ್ಟಿತು. ಯುರೋಪು ಏಕೆ, ಸರೋವರ ಏಕೆ, ಅವ್ವನ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತುಬಿಡೋಣ ಎನ್ನಿಸಿತು. ಆದರೆ ಅಷ್ಟು ಉದ್ದದ ಎರಡು ವಿಮಾನ, ಮೇಲೆ ಬೆಂಗಳೂರಿನಿಂದ ಹುಬ್ಬಳ್ಳಿಯ ದಾರಿ, ಮತ್ತೆ ಅದೇ ದಾರಿಯಲ್ಲಿ ಮರಳುವುದು, ಅದೂ 28ರ ಅಂಚಿನಲ್ಲಿ. ಆಗುವುದಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ. ನಾನು ಸುಮ್ಮನಿದ್ದದ್ದನ್ನು ಕೇಳಿಸಿಕೊಂಡು ಅವ್ವ ತಾನಾಗಿಯೇ 1980ರ ಮಾತು ತೆಗೆದಳು.

ಆ ವರ್ಷದ ಫೆಬ್ರವರಿ 16ರಂದು ಖಗ್ರಾಸ ಗ್ರಹಣ ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಗಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿ ಕಾದಿದ್ದರೆಂದು ನಾನು ಓದಿ ಬಲ್ಲೆ. ಅದೇ ಹೊತ್ತಿನಲ್ಲಿ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲವಂತೆ. ಅಜ್ಜಿ ಆಗ ಸಣ್ಣ ಮಾವನ ಬಸುರಿ. ಒಳಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಅಜ್ಜಿಯನ್ನು ಅಂಗಾತ ಮಲಗಿಸಿ, ಕೈಕಾಲು ಮಡಚದಂತೆ ನೋಡಿಕೊಳ್ಳಲು ಹದಿನೈದು ವರ್ಷದ ಅವ್ವನನ್ನು ಪಕ್ಕದಲ್ಲಿ ಕೂರಿಸಿದ್ದರಂತೆ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿರದಿದ್ದುದನ್ನು ಅವ್ವ ಇಂದು ಹೇಳಿದಳು.

“ಹೊರಗ ಕಾಗಿ ಎಲ್ಲಾ ಒಮ್ಮೆಗೇ ಒದರಿ ಗಿಡಕ್ಕ ಬಂದ ಕೂತ್ವು. ಆಮ್ಯಾಗ ಒಂದೂ ಸಪ್ಪಳಿಲ್ಲ. ಕೌದಿ ಅಂಚಿನಾಗ ಒಂದು ಬೆಳಕಿನ ಗೆರಿ ಇತ್ತು ನೋಡು, ಅದು ಹೋತು. ನಾ ಎದ್ದು ಕೌದಿ ಸರಸಬೇಕಂತ ಮಾಡಿದ್ದೆ. ನಮ್ಮವ್ವ ಕೈ ಹಿಡಕೊಂಡ್ಲು. ಬಿಡಲೇ ಇಲ್ಲ.”

ಅವ್ವ ಇದನ್ನು ದೂರಿನಂತೆ ಹೇಳಲಿಲ್ಲ. ಆ ಗೆರೆ ಹೋದದ್ದನ್ನು ಮಾತ್ರ ಎರಡು ಸಲ ಹೇಳಿದಳು. ಅರವತ್ತು ದಾಟಿದ ಅವ್ವನಿಗೆ ಆ ಗೆರೆಯ ಅಗಲ ಇನ್ನೂ ನೆನಪಿದೆ, ಎರಡು ಬೆರಳಿನಷ್ಟಂತೆ.

ಮುಂದಿನ ವರ್ಷ ಆಗಸ್ಟ್ 2ರಂದು ದಕ್ಷಿಣ ಸ್ಪೇನಿನಲ್ಲಿ ಮತ್ತೊಂದು ಖಗ್ರಾಸವಿದೆ, ನಾಲ್ಕು ನಿಮಿಷಕ್ಕೂ ಹೆಚ್ಚು, ಬೇಕಾದರೆ ಮಗುವನ್ನು ಎತ್ತಿಕೊಂಡು ಅದಕ್ಕೇ ಹೋದರಾಯಿತು ಎಂದು ನಾನೇ ಅವ್ವನನ್ನು ಸಮಾಧಾನಪಡಿಸಲು ಹೊರಟೆ. ಅವ್ವ ಅದಕ್ಕೆ ಉತ್ತರ ಕೊಡದೆ, ಈ ಸಲದ್ದು ಎಷ್ಟು ಹೊತ್ತು ಇರುತ್ತದೆ, ಸೂರ್ಯ ಎಲ್ಲಿರುತ್ತಾನೆ ಎಂದು ವಿಚಾರಿಸಿದಳು. ಗಿಹೋನಿನಲ್ಲಿ ಒಂದೂ ಮುಕ್ಕಾಲು ನಿಮಿಷ, ರಾತ್ರಿ ಎಂಟೂವರೆಯ ಸುಮಾರಿಗೆ, ಮುಳುಗುವ ಸೂರ್ಯ, ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯಷ್ಟೇ ಎತ್ತರದಲ್ಲಿ ಎಂದೆ.

“ಅಷ್ಟ ಕೆಳಗ?” ಎಂದಳು. ಮತ್ತೆ ಫ್ಯಾನಿನ ಸದ್ದು. “ಹಂಗಾದ್ರ ಮನಿ ಒಳಗಿಂದಾನೂ ಕಾಣಬಹುದೇನು?”

ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ನೆತ್ತಿಯ ಮೇಲಿನ ಗ್ರಹಣಕ್ಕಾದರೆ ಅಂಗಳಕ್ಕಿಳಿಯಬೇಕು. ಇಷ್ಟು ತಗ್ಗಿನ ಸೂರ್ಯ, ಎದುರಿಗೆ ಕಟ್ಟಡವಿಲ್ಲದಿದ್ದರೆ, ಪಡುವಣದ ಕಿಟಕಿಯಿಂದ ನೇರವಾಗಿ ಕೋಣೆಯೊಳಕ್ಕೆ ಕಾಣುತ್ತಾನೆ. ಹೊಸ್ತಿಲು ದಾಟುವ ಪ್ರಶ್ನೆಯೇ ಬರುವುದಿಲ್ಲ. ಆ ಹೊತ್ತಿನಲ್ಲಿ ವೀಡಿಯೊ ಕರೆ ಮಾಡಿ ಫೋನನ್ನು ಕಿಟಕಿಗೆ ಹಿಡಿದರೆ, ಹುಬ್ಬಳ್ಳಿಯಲ್ಲಿ ರಾತ್ರಿ ಹನ್ನೆರಡಾದರೂ ಅವ್ವ ಎಚ್ಚರವಿರುತ್ತಾಳೆಯೇ ಎಂದು ಕೇಳಲು ಹೋಗಿ ಕೇಳಲಿಲ್ಲ.

ಗಿಹೋನಿನ ಗುಡ್ಡದ ಬದಿಯಲ್ಲಿ ಮೂರನೆಯ ಮಹಡಿಯ ಮನೆಯೊಂದು ಇನ್ನೂ ಖಾಲಿಯಿದೆ. ಜೂನ್ ಕೊನೆಯವರೆಗೆ ರದ್ದು ಮಾಡಿದರೆ ಹಣ ಪೂರ್ತಿ ಹಿಂದಿರುಗುತ್ತದೆ, ಸ್ಕ್ಯಾನು ಅಷ್ಟರೊಳಗೆ ಆಗಿರುತ್ತದೆ. ಚಿತ್ರಗಳಲ್ಲಿ ಮಲಗುವ ಕೋಣೆಯ ಕಿಟಕಿ ದೊಡ್ಡದಾಗಿಯೇ ಕಾಣುತ್ತದೆ, ಹೊರಗೆ ಏನಿದೆಯೆಂದು ಮಾತ್ರ ಗೊತ್ತಾಗುವುದಿಲ್ಲ, ಬಿಳಿಯ ಪರದೆ ಎಳೆದಿದ್ದಾರೆ. ಕಿಟಕಿ ಪಶ್ಚಿಮಕ್ಕಿದೆಯೇ, ತುಸು ಉತ್ತರಕ್ಕೆ ತಿರುಗಿದ್ದರೆ ಇನ್ನೂ ಒಳ್ಳೆಯದು, ಎದುರಿಗೆ ಮರವೋ ಗೋಡೆಯೋ ಇದೆಯೇ ಎಂದು ಮನೆಯೊಡತಿಗೆ ಬರೆದಿದ್ದೇನೆ. ಇವರು ಮಲಗಿದ್ದಾರೆ. ನಾನು ಇನ್ನೊಮ್ಮೆ ಆ ಚಿತ್ರವನ್ನು ಹಿಗ್ಗಿಸಿ, ಪರದೆಯ ಅಂಚಿನಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ನೋಡುತ್ತಿದ್ದೇನೆ.